ಬಳುವಳಿಯಿಂದ ಒಡೆತನಕ್ಕೆ: ರಾಜಕುಮಾರಿಯ ದಾರಿ



ತಾಯಿಯ ನೆನಪಿಗೆ ಹೆಣ್ಣುಮಕ್ಕಳು ಸೇರಿ ಇಟ್ಟ ದತ್ತಿಯ ಉಪನ್ಯಾಸ ಇದು. ತಂದೆಯ ಹೆಸರಿನಲ್ಲಿ ಗಂಡುಮಕ್ಕಳು ಇಟ್ಟ ದತ್ತಿಗಳಲ್ಲೇ ಮಾತಾಡಿ ರೂಢಿಯಾಗಿದ್ದ ನನಗೆ ಈ ಕರೆ ಬೇರೆಯದಾಗಿ ಕಂಡಿತು. ವಿಷಯ ನಿಮ್ಮದೇ ಇರಲಿ ಎಂದರು. ‘ಆಧುನಿಕ ಅರಸೊತ್ತಿಗೆಯಲ್ಲಿ ರಾಜಕುಮಾರಿ’ ಎಂದು ಬರೆದುಕೊಟ್ಟೆ. ಚೀಟಿ ಓದಿದವರು ನಕ್ಕರು: “ಸರ, ನಮ್ಮ ಕಡೀಗೆ ಈಗ ರಾಜರೆಲ್ಲಿ ಅದಾರ, ರಾಜಕುಮಾರಿ ಎಲ್ಲಿಂದ ತರ್ತೀರಿ?”

ದೂರದಿಂದ ತರಬೇಕಾಗಿಲ್ಲ. ಈ ಸಭಾಂಗಣದಲ್ಲಿ ಎಂಬತ್ತು ದಾಟಿದವರು ಯಾರಾದರೂ ಕೂತಿದ್ದರೆ, ಅವರು ಹುಟ್ಟಿದ್ದು ಒಬ್ಬ ದೊರೆಯ ಪ್ರಜೆಯಾಗಿ. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಕಲಬುರಗಿ, ಆಗಿನ ಗುಲ್ಬರ್ಗ, ನಿಜಾಮರ ಸಂಸ್ಥಾನದ್ದು. ಆ ದೊರೆಯ ಮನೆಗೆ ಇಸ್ತಾಂಬುಲ್ ನಗರದಲ್ಲಿ ಹುಟ್ಟಿದ ಇಬ್ಬರು ರಾಜಕುಮಾರಿಯರು ಸೊಸೆಯರಾಗಿ ಬಂದಿದ್ದರು. ಅವರಲ್ಲಿ ಒಬ್ಬಳ ಹೆಸರನ್ನು ನಮ್ಮ ಜಿಲ್ಲೆಯ ತಾಯಂದಿರು ಇವತ್ತಿಗೂ ಹೇಳುತ್ತಾರೆ. ಅದು ರಾಜಕುಮಾರಿಯ ಹೆಸರೆಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಅವಳ ಹತ್ತಿರ ಆಮೇಲೆ ಬರುತ್ತೇನೆ. ಮೊದಲು ಸಾವಿರ ವರ್ಷ ಹಿಂದೆ ಹೋಗಬೇಕು.

ಒಂದೇ ನಾಡು, ಇಬ್ಬರು ಹೆಣ್ಣುಮಕ್ಕಳು

ಸೇಡಂ ದಾರಿಯಲ್ಲಿ ಸಿಗುವ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಹತ್ತನೆಯ ಶತಮಾನದಲ್ಲಿ ಆ ಮನೆಯ ಮಗಳು ರೇವಕನಿಮ್ಮಡಿಯನ್ನು ಗಂಗರ ಇಮ್ಮಡಿ ಬೂತುಗನಿಗೆ ಕೊಟ್ಟರು. ಮುಮ್ಮಡಿ ಅಮೋಘವರ್ಷನ ಮಗಳು, ಮುಮ್ಮಡಿ ಕೃಷ್ಣನ ಸೋದರಿ. ಅವಳ ಜೊತೆ ಪುಲಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆನಾಡು ಎಂಬ ನಾಲ್ಕು ನಾಡುಗಳು ಬಳುವಳಿಯಾಗಿ ಹೋದವು. ಮದುವೆಯ ಫಲ ರಣರಂಗದಲ್ಲಿ ಬಂತು. 949ರ ತಕ್ಕೋಲದ ಕಾಳಗದಲ್ಲಿ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದು ಭಾವಮೈದುನನಿಗೆ ಗೆಲುವು ತಂದುಕೊಟ್ಟ. ಲೆಕ್ಕ ಚುಕ್ತಾ ಆಯಿತು. ಆ ಲೆಕ್ಕದಲ್ಲಿ ರೇವಕನಿಮ್ಮಡಿಯ ಮನಸ್ಸಿಗೆ ಒಂದು ಸಾಲೂ ಇಲ್ಲ.

ಈಗ ಆ ನಾಲ್ಕರಲ್ಲಿ ಒಂದನ್ನು ನೆನಪಿಡಿ: ಕಿಸುಕಾಡು, ಪಟ್ಟದಕಲ್ಲಿನ ಸುತ್ತಲ ನಾಡು. ನೂರು ವರ್ಷ ಕಳೆಯಿತು. ರಾಷ್ಟ್ರಕೂಟರು ಹೋದರು, ಚಾಲುಕ್ಯರು ಬಂದರು. ಕಮಲಾಪುರ ದಾಟಿ ಹುಮನಾಬಾದಿನ ಮೇಲೆ ಹಾಯ್ದು ಹೋದರೆ ಸಿಗುವ ಕಲ್ಯಾಣ ರಾಜಧಾನಿಯಾಯಿತು. ಆ ವಂಶದ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ. ಅದೇ ಕಿಸುಕಾಡನ್ನು ಅವಳು ಆಳಿದಳು. ‘ಗುಣದಬೆಡಂಗಿ’ ಎಂಬುದು ಅವಳ ಬಿರುದು. ಗೋಕಾಗೆ, ಅಂದರೆ ಇವತ್ತಿನ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಯುದ್ಧದಲ್ಲಿ ಭೈರವಿಗೆ ಸಮ ಎಂದು ಶಾಸನ ಅವಳನ್ನು ಹೊಗಳುತ್ತದೆ. ರೋಣದ ಹತ್ತಿರದ ಸೂಡಿಯ ಕಲ್ಲುಗಳಲ್ಲಿ ಅವಳ ಹೆಸರು ಈಗಲೂ ಓದಲು ಸಿಗುತ್ತದೆ.

ಅದೇ ಮಣ್ಣು, ಒಬ್ಬ ರಾಜಕುಮಾರಿಯ ಜೊತೆ ಬಳುವಳಿಯಾಗಿ ಹೋಯಿತು, ಇನ್ನೊಬ್ಬಳ ಕೈಯಲ್ಲಿ ಆಡಳಿತವಾಗಿ ನಿಂತಿತು. ಇಬ್ಬರೂ ಅರಸುಮಕ್ಕಳೇ, ಇಬ್ಬರ ರಕ್ತಕ್ಕೂ ಕುಂದಿಲ್ಲ. ಹಾಗಾದರೆ ರಾಜಕುಮಾರಿಯನ್ನು ಅಳೆಯಲು ಕಿರೀಟ, ಒಡವೆ, ಪಲ್ಲಕ್ಕಿ ಯಾವುದೂ ಕೆಲಸಕ್ಕೆ ಬಾರದು. ಕೇಳಬೇಕಾದ್ದು ಇಷ್ಟೇ: ಅವಳು ಬಳುವಳಿಯೋ, ಒಡತಿಯೋ? ನನ್ನ ಉಪನ್ಯಾಸ ಪೂರ್ತಿ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದೆ.

ಹೆಸರಿಲ್ಲದೆ ಬಂದ ಮದುಮಗಳು

ಕಲಬುರಗಿಗೆ ಬರೋಣ. ಹಫ್ತ್ ಗುಂಬಜಿನ ಸಾಲಿನಲ್ಲಿ ಎಲ್ಲಕ್ಕೂ ದೊಡ್ಡದು, ಜೋಡಿ ಗುಮ್ಮಟದ್ದು, ಫಿರೋಜ್ ಶಹಾ ಬಹಮನಿಯ ಗೋರಿ. 1397ರಿಂದ 1422ರವರೆಗೆ ಆಳಿದವನು. 1406ರ ಸುಮಾರಿಗೆ ಅವನಿಗೂ ವಿಜಯನಗರದ ಒಂದನೆಯ ದೇವರಾಯನಿಗೂ ಯುದ್ಧವಾಯಿತು. ವಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಫೆರಿಶ್ತಾ ಇನ್ನೂರು ವರ್ಷದ ಆಮೇಲೆ ಬರೆದ ಇತಿಹಾಸದ ಪ್ರಕಾರ, ಸಂಧಿಗಾಗಿ ದೇವರಾಯ ತನ್ನ ಮಗಳನ್ನು ಸುಲ್ತಾನನಿಗೆ ಕೊಟ್ಟ. ಬಂಕಾಪುರದ ಕೋಟೆಯನ್ನು ಬಳುವಳಿ ಎಂದು ಬರೆದುಕೊಟ್ಟ. ಹೊನ್ನು, ಮುತ್ತು, ಐವತ್ತು ಆನೆ ಬೇರೆ. ಈ ಮದುವೆಯನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ನಡೆದಿರಲಿ ಬಿಡಲಿ, ಬರೆದ ರೀತಿಯನ್ನು ನೋಡಿ. ಆನೆ ಎಷ್ಟು ಎಂಬುದಿದೆ, ಕೋಟೆ ಯಾವುದು ಎಂಬುದಿದೆ, ಹಾದಿಗೆ ಎಂಥ ಬಟ್ಟೆ ಹಾಸಿದ್ದರು ಎಂಬುದೂ ಇದೆ. ಬೀಳ್ಕೊಡಲು ಬಂದ ಮಾವ ಅರ್ಧ ದಾರಿಯಲ್ಲೇ ತಿರುಗಿ ಹೋದನೆಂದು ಅಳಿಯ ಮುನಿಸಿಕೊಂಡದ್ದೂ ಇದೆ. ಮದುಮಗಳ ಹೆಸರು ಇಲ್ಲ!

ಅದೇ ಫೆರಿಶ್ತಾ ಹೇಳುವ ಇನ್ನೊಂದು ಹುಡುಗಿಯ ಕಥೆ ನನಗೆ ಹೆಚ್ಚು ಇಷ್ಟ. ಮುದಗಲ್ಲಿನ ಅಕ್ಕಸಾಲಿಗನ ಮಗಳು. ಸಂಗೀತ ಬಲ್ಲವಳು, ಚೆಲುವೆ. ಸುದ್ದಿ ಕೇಳಿದ ದೇವರಾಯ ಒಡವೆ ಕಳಿಸಿ ಅವಳನ್ನು ಕೇಳಿದ. ತಂದೆ ತಾಯಿ ಹಿಗ್ಗಿದರು. ಹುಡುಗಿ ಒಡವೆಗೆ ಕೊರಳು ಒಡ್ಡಲಿಲ್ಲ. ಆ ಅರಮನೆಯ ಅಂತಃಪುರ ಹೊಕ್ಕವರು ಮತ್ತೆ ಹೆತ್ತವರ ಮುಖ ಕಾಣುವಂತಿಲ್ಲ, ಅಂಥ ರಾಣಿತನ ನನಗೆ ಬೇಡ ಎಂದಳು. ಅವಳಿಗಾಗಿ ದಂಡು ಬಂತು, ಯುದ್ಧ ಹೊತ್ತಿತು. ಕಡೆಗೆ ಗೆದ್ದ ಫಿರೋಜ್ ಶಹಾ ಅವಳನ್ನು ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿಸಿದ. ಅಕ್ಕಸಾಲಿಗನ ಮಗಳು ಬಹಮನಿ ಮನೆಯ ಸೊಸೆಯಾದಳು. ಹಸನ್ ಖಾನನಿಗೆ ಪಟ್ಟ ದಕ್ಕಲಿಲ್ಲ. 1422ರಲ್ಲಿ ಚಿಕ್ಕಪ್ಪ ಅಹಮದ್ ಶಹಾ ಸಿಂಹಾಸನ ಏರಿದ. ಆ ಹುಡುಗಿ ಒಂದು ಸಲ ‘ಒಲ್ಲೆ’ ಅಂದಳಲ್ಲ, ಅದು ಉಳಿಯಿತು. ಈ ಒಂದು ಮಾತಿನ ಮುಂದೆ ಐವತ್ತು ಆನೆಯ ತೂಕ ಕಡಿಮೆ.

ಸುರಪುರದ ರಾಣಿ ಈಶ್ವರಮ್ಮನ ಕಥೆಯನ್ನೂ ಇಲ್ಲಿ ಸೇರಿಸುತ್ತೇನೆ. ಈಗ ಯಾದಗಿರಿ ಜಿಲ್ಲೆಯಾದರೂ ಸುರಪುರ ನಮ್ಮದೇ. 1841ರಲ್ಲಿ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡ, ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಸಂಸ್ಥಾನ ನೋಡಿಕೊಳ್ಳಲು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬಂದ. ಅಧಿಕಾರ ನನ್ನದು ಎಂದು ರಾಣಿ ನಿಂತಳು. ಇಬ್ಬರಿಗೂ ವರ್ಷಗಟ್ಟಲೆ ಹಗ್ಗಜಗ್ಗಾಟ. ಟೇಲರ್ ಆತ್ಮಕಥೆ ಬರೆದ, ಅದರಲ್ಲಿ ರಾಣಿಯನ್ನು ಒಳ್ಳೆಯ ಬಣ್ಣದಲ್ಲಿ ತೋರಿಸಲಿಲ್ಲ. ರಾಣಿ ಬರೆಯಲಿಲ್ಲ. ಹೆಣ್ಣಿನ ಆಳ್ವಿಕೆಯ ಕಥೆಯನ್ನು ಅವಳ ಎದುರಾಳಿಯ ಕೈಬರಹದಲ್ಲೇ ಓದಬೇಕಾದ ಗತಿ ನಮ್ಮದು. ಓದುವಾಗ ಅಷ್ಟು ಎಚ್ಚರ ಇರಲಿ.

ಇಸ್ತಾಂಬುಲ್ ನಗರದಿಂದ ಹೈದರಾಬಾದಿಗೆ

ಈಗ ಆ ಇಬ್ಬರು ಸೊಸೆಯರು. 1924ರಲ್ಲಿ ತುರ್ಕಿಯ ಹೊಸ ಗಣರಾಜ್ಯ ಖಲೀಫ ಪದವಿಯನ್ನೇ ರದ್ದು ಮಾಡಿ, ಕೊನೆಯ ಖಲೀಫ ಇಮ್ಮಡಿ ಅಬ್ದುಲ್ ಮಜೀದನನ್ನೂ ಅವನ ವಂಶದವರನ್ನೂ ದೇಶ ಬಿಡಿಸಿತು. ಅವರು ಫ್ರಾನ್ಸಿನ ನೀಸ್ ಪಟ್ಟಣ ಸೇರಿದರು. ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಖಲೀಫನಿಗೆ ಪಿಂಚಣಿ ಕಳಿಸುತ್ತಿದ್ದರು. ಒಂದು ಕಡೆ ರಾಜ್ಯ ಕಳೆದುಕೊಂಡ ದೊಡ್ಡ ಮನೆತನ, ಇನ್ನೊಂದು ಕಡೆ ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬನೆನಿಸಿದ ದೊರೆ. 1931ರ ನವೆಂಬರ್ 12ರಂದು ನೀಸ್‌ನಲ್ಲಿ ನಿಕಾಹ್ ಆಯಿತು. ಖಲೀಫನ ಒಬ್ಬಳೇ ಮಗಳು ದುರ್ರು ಶೆಹ್‌ವಾರ್ ಹಿರಿಯ ಯುವರಾಜ ಆಜಂ ಜಾಹನಿಗೆ, ಅದೇ ವಂಶದ ನೀಲೋಫರ್ ಕಿರಿಯ ಮೊಅಜ್ಜಂ ಜಾಹನಿಗೆ. ಒಬ್ಬಳಿಗೆ ಹದಿನೇಳು, ಇನ್ನೊಬ್ಬಳಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಇದೂ ಒಂದು ಬಳುವಳಿಯೇ. ಈ ಸಲ ಕೋಟೆ ಕೊಡಲು ತವರಿನಲ್ಲಿ ಏನೂ ಉಳಿದಿರಲಿಲ್ಲ. ಕೊಟ್ಟದ್ದು ವಂಶದ ಹೆಸರನ್ನು.

ದುಂಡುಮೇಜಿನ ಪರಿಷತ್ತು ಮುಗಿಸಿ ಗಾಂಧೀಜಿ ಮರಳುತ್ತಿದ್ದ ಪಿಲ್ಸ್‌ನಾ ಹಡಗಿನಲ್ಲೇ ಈ ಮದುಮಕ್ಕಳೂ ಮುಂಬಯಿಗೆ ಬಂದರು. ಅರಸೊತ್ತಿಗೆಯನ್ನು ಉಳಿಸುವ ಮದುವೆ ಮತ್ತು ಅದರ ದಿನ ಎಣಿಸುತ್ತಿದ್ದ ಚಳವಳಿ ಒಂದೇ ಹಡಗಿನ ಪ್ರಯಾಣಿಕರು.

ಹೈದರಾಬಾದಿನ ಅರಮನೆ ಗೋಷಾದ್ದು. ಈ ಸೊಸೆಯರು ಪರದೆ ಇಲ್ಲದೆ, ಸೀರೆ ಉಟ್ಟು, ಸಭೆಗಳಲ್ಲಿ ಕಾಣಿಸಿಕೊಂಡರು. ಆಧುನಿಕ ಅರಸೊತ್ತಿಗೆ ರಾಜಕುಮಾರಿಯಿಂದ ಕೇಳುವುದು ಇದನ್ನೇ: ಕಾಣಿಸಿಕೊಳ್ಳಬೇಕು. ಉದ್ಘಾಟನೆಗೆ ಬರಬೇಕು, ಬಹುಮಾನ ಹಂಚಬೇಕು, ಶಾಲೆ, ಆಸ್ಪತ್ರೆಗಳಿಗೆ ಪೋಷಕಿಯಾಗಬೇಕು. ನಿರ್ಧಾರದ ಮಾತು ಮಾತ್ರ ಆಡುವಂತಿಲ್ಲ. ಕೈಗೆ ಕತ್ತರಿ, ಬಾಯಿಗೆ ಬೀಗ. ಆ ಕತ್ತರಿಯಿಂದ ರಿಬ್ಬನ್ ಬಿಟ್ಟು ಬೇರೇನಾದರೂ ಕತ್ತರಿಸಿದವರು ಕೆಲವರೇ.

ನೀಲೋಫರ್ ಅಂಥವಳು. ಎರಡನೆಯ ಮಹಾಯುದ್ಧದ ಹೊತ್ತಿಗೆ ದಾದಿಯ ತರಬೇತಿ ಪಡೆದಳು. ಅವಳಿಗೆ ಮಕ್ಕಳಾಗಲಿಲ್ಲ. 1949ರಲ್ಲಿ ಅವಳ ಆಪ್ತ ಸೇವಕಿ ಹೆರಿಗೆಯಲ್ಲಿ ತೀರಿಕೊಂಡಳು. ಅರಮನೆಯಲ್ಲಿ ದುಡಿಯುವ ಹೆಂಗಸಿಗೂ ಹೆರಿಗೆಗೆ ತಕ್ಕ ಆಸ್ಪತ್ರೆ ಇಲ್ಲವೆಂದರೆ ಊರ ಹೆಂಗಸರ ಪಾಡೇನು? ಅವಳು ಹಟ ಹಿಡಿದಳು. ಮಾವನ ಬೆಂಬಲ ಸಿಕ್ಕಿತು, ತಾಯಿ ಮಕ್ಕಳಿಗೆಂದೇ ಒಂದು ಆಸ್ಪತ್ರೆ ಎದ್ದಿತು. 1952ರಲ್ಲಿ ಅವಳಿಗೂ ಮೊಅಜ್ಜಂ ಜಾಹನಿಗೂ ತಲಾಖ್ ಆಯಿತು. ಆಸ್ಪತ್ರೆಯ ಬಾಗಿಲು ತೆರೆದದ್ದು 1953ರಲ್ಲಿ. ಆ ಹೊತ್ತಿಗೆ ನಿಜಾಮರ ರಾಜ್ಯವೂ ಇರಲಿಲ್ಲ, ಅವಳು ಆ ಮನೆಯ ಸೊಸೆಯೂ ಆಗಿರಲಿಲ್ಲ. 1989ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಳು. ದುರ್ರು ಶೆಹ್‌ವಾರ್ ಲಂಡನ್ನಿನಲ್ಲಿ 2006ರವರೆಗೂ ಬದುಕಿದ್ದಳು. ಹೈದರಾಬಾದಿನ ಹಳೆಯ ಪೇಟೆಯಲ್ಲಿ ಅವಳ ಹೆಸರಿನದೂ ಒಂದು ಮಕ್ಕಳ ಆಸ್ಪತ್ರೆ ಇದೆ.

ಈಗ ನಮ್ಮ ತಾಯಂದಿರ ಬಾಯಲ್ಲಿರುವ ಹೆಸರು ಯಾವುದೆಂದು ತಿಳಿದಿರಬೇಕು. ನಮ್ಮ ತಂಗಿಯ ಕೂಸಿಗೆ ಎಂಟನೆಯ ದಿನಕ್ಕೆ ಉಸಿರು ಕಟ್ಟತೊಡಗಿದಾಗ ರಾತ್ರಿಯ ರೈಲು ಹಿಡಿದು ಹೊರಟಿದ್ದೆವು. ಹೈದರಾಬಾದಿನ ಸ್ಟೇಷನ್ನಿನ ಹೊರಗೆ ಆಟೋದವನು ತಂಗಿಯ ಮಡಿಲು ನೋಡಿದವನೇ, ನಾವು ಬಾಯಿ ತೆರೆಯುವ ಮೊದಲೇ “ನೀಲೋಫರ್?” ಎಂದ. ಅಲ್ಲಿ ಜಗುಲಿಯ ಮೇಲೆ ಚಾಪೆ ಹಾಸಿ ಕೂತ ಅಜ್ಜಿಯಂದಿರಲ್ಲಿ ಬೀದರಿನವರು, ಚಿಂಚೋಳಿಯವರು, ನಮ್ಮ ಕಮಲಾಪುರ ಕಡೆಯವರು. ಹಾಲಿನ ಬಾಟಲಿ, ಬಿಸಿನೀರಿನ ಫ್ಲಾಸ್ಕ್, ಸೆರಗಿನ ಗಂಟಿನಲ್ಲಿ ಅಂಗಾರ. ಹತ್ತಿರದ ಇರಾನಿ ಚಹಾದ ಅಂಗಡಿಗೂ ಅದೇ ಹೆಸರು. ಕೂಸು ಉಳಿಯಿತು, ಈಗ ಕಾಲೇಜಿಗೆ ಹೋಗುತ್ತದೆ. ನೀಲೋಫರ್ ಅಂದರೆ ಯಾರೆಂದು ಆ ಜಗುಲಿಯಲ್ಲಿ ಕೇಳಿದೆ. “ದವಾಖಾನಿ ಹೆಸರು ಅಲ್ಲೇನ್ರಿ?” ಅಂದಳು ಒಬ್ಬ ಅಜ್ಜಿ. ರಾಜಕುಮಾರಿಯೊಬ್ಬಳಿಗೆ ಇದಕ್ಕಿಂತ ದೊಡ್ಡ ಪದವಿ ಯಾವ ದರ್ಬಾರಿನಲ್ಲೂ ಸಿಗಲಾರದು. ಹೆಸರು ಮನುಷ್ಯರಿಂದ ಕಳಚಿಕೊಂಡು ಕೆಲಸಕ್ಕೆ ಅಂಟಿಕೊಂಡಿದೆ.

ಮೈಸೂರಿನಲ್ಲಿ ಇದರ ಇನ್ನೊಂದು ಮುಖವಿದೆ. ಪಿ.ಕೆ.ಟಿ.ಬಿ. ಎಂದು ಎಲ್ಲರೂ ಕರೆಯುವ ಕ್ಷಯರೋಗದ ಆಸ್ಪತ್ರೆಯ ಮೊದಲೆರಡು ಅಕ್ಷರ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಆ ರೋಗವೇ ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ಬಲಿ ತೆಗೆದುಕೊಂಡಿತ್ತು. ಅರಮನೆಯ ಗೋಡೆ ಕ್ಷಯವನ್ನು ತಡೆಯಲಿಲ್ಲ. ಅವರ ಹೆಸರು ಕೆಲಸದಿಂದ ಬಂದದ್ದಲ್ಲ, ಸಂಕಟದಿಂದ ಬಂದದ್ದು. ಈಗ ಅದೂ ನಾಲ್ಕು ಅಕ್ಷರದಲ್ಲಿ ಕರಗಿದೆ.

ಹೊರಗಿನ ಅರಮನೆಗಳು

ಇವತ್ತು ಅರಸೊತ್ತಿಗೆ ಉಳಿದಿರುವ ದೇಶಗಳಲ್ಲಿ ಪ್ರಶ್ನೆ ಇನ್ನೂ ಬಿಸಿಯಾಗಿದೆ. ಸ್ವೀಡನ್ನಿನ ದೊರೆಗೆ 1977ರಲ್ಲಿ ಮಗಳು ವಿಕ್ಟೋರಿಯಾ ಹುಟ್ಟಿದಳು, 1979ರಲ್ಲಿ ಮಗ. ಹುಟ್ಟುತ್ತಲೇ ಮಗ ಯುವರಾಜ. 1980ರ ಜನವರಿ 1ರಿಂದ ಕಾನೂನು ಬದಲಾಯಿತು: ಗಂಡಾಗಲಿ ಹೆಣ್ಣಾಗಲಿ, ಮೊದಲು ಹುಟ್ಟಿದವರಿಗೆ ಪಟ್ಟ. ಏಳು ತಿಂಗಳ ಕೂಸಿನ ಯುವರಾಜ ಪದವಿ ಎರಡೂವರೆ ವರ್ಷದ ಅಕ್ಕನಿಗೆ ಬಂತು. ನೆದರ್‌ಲೆಂಡ್ಸ್, ನಾರ್ವೆ, ಬೆಲ್ಜಿಯಂ, ಡೆನ್ಮಾರ್ಕ್ ಅದೇ ದಾರಿ ಹಿಡಿದವು. ಬ್ರಿಟನ್ 2013ರಲ್ಲಿ ಕಾಯ್ದೆ ಮಾಡಿತು. 2015ರಲ್ಲಿ ಹುಟ್ಟಿದ ರಾಜಕುಮಾರಿ ಷಾರ್ಲಟ್, 2018ರಲ್ಲಿ ಹುಟ್ಟಿದ ತಮ್ಮನಿಗೆ ತನ್ನ ಜಾಗ ಬಿಟ್ಟುಕೊಡಬೇಕಾಗಿ ಬರಲಿಲ್ಲ.

ಜಪಾನ್ ಇನ್ನೂ ಒಪ್ಪಿಲ್ಲ. ಚಕ್ರವರ್ತಿ ನರುಹಿತೊಗೆ ಒಬ್ಬಳೇ ಮಗಳು, ಐಕೊ, 2001ರಲ್ಲಿ ಹುಟ್ಟಿದವಳು. 1947ರ ಕಾನೂನಿನ ಪ್ರಕಾರ ಹೆಣ್ಣಿಗೆ ಸಿಂಹಾಸನವಿಲ್ಲ. ಅದೇ ಕಾನೂನು, ಸಾಮಾನ್ಯನನ್ನು ಮದುವೆಯಾದ ರಾಜಕುಮಾರಿ ಅರಮನೆಯ ಪಟ್ಟಿಯಿಂದಲೇ ಹೊರಗೆ ಎನ್ನುತ್ತದೆ. ಚಕ್ರವರ್ತಿಯ ತಮ್ಮನ ಮಗಳು ಮಾಕೊ 2021ರ ಅಕ್ಟೋಬರಿನಲ್ಲಿ ಸಹಪಾಠಿಯನ್ನು ಮದುವೆಯಾದಳು. ಹೊರಹೋಗುವವರಿಗೆ ಸರಕಾರ ಕೊಡುವ ಹಣವನ್ನೂ ಬೇಡವೆಂದು ನಡೆದಳು. ಮುದಗಲ್ಲಿನ ಹುಡುಗಿ ಅರಮನೆಯ ಒಳಗೆ ಬರಲು ಒಲ್ಲೆ ಅಂದಳು, ಟೋಕಿಯೋದ ಹುಡುಗಿ ಒಳಗಿರಲು ಒಲ್ಲೆ ಅಂದಳು. ಮಾತು ಒಂದೇ.

ಅರಸೊತ್ತಿಗೆ ಬೇಕೋ ಬೇಡವೋ ಎಂಬ ಚರ್ಚೆ ನನ್ನದಲ್ಲ. ನಮ್ಮ ದೇಶ ಆ ಲೆಕ್ಕ ಮುಗಿಸಿದೆ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಮಾಜಿ ಅರಸರ ರಾಜಧನವನ್ನೂ ಮಾನ್ಯತೆಯನ್ನೂ ತೆಗೆದುಹಾಕಿತು. ಸರಿಯಾಯಿತು. ಆದರೆ ಅರಮನೆಗಳೇ ಅಕ್ಕ–ತಮ್ಮಂದಿರ ಹಕ್ಕಿನ ಪ್ರಶ್ನೆಗೆ ಉತ್ತರ ಹುಡುಕುತ್ತಿರುವಾಗ, ಅರಸರನ್ನು ಕಳಿಸಿಕೊಟ್ಟ ನಾವು ನಮ್ಮ ಮನೆಯೊಳಗೆ ನೋಡಿದ್ದೇವೆಯೆ?

ಕಮಲಾಪುರದ ರಾಜಕುಮಾರಿ

ಕಮಲಾಪುರ ಈಗ ತಾಲ್ಲೂಕು. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನನ್ನ ಅವ್ವ ಆ ಊರಿನವಳು. ಅಜ್ಜನಿಗೆ ಆರು ಎಕರೆ ಹೊಲ, ಅದರ ಒಂದು ಮೂಲೆಯಲ್ಲಿ ಬಾಳೆ. ಅಜ್ಜ ಅವ್ವನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. “ನಮ್ಮ ರಾಜಕುಮಾರಿ ಬಂದಳ್ರೋ” ಅನ್ನುತ್ತಿದ್ದ. ಮೊದಲ ಗೊನೆ ಅವಳಿಗೇ ಬರುತ್ತಿತ್ತು.

ಅಜ್ಜ ತೀರಿದ ವರ್ಷ ಮಾವಂದಿರು ಬಂದು ಅವ್ವನನ್ನು ಗುಲ್ಬರ್ಗದ ನೋಂದಣಿ ಕಚೇರಿಗೆ ಕರೆದುಕೊಂಡು ಹೋದರು. ನನಗೆ ಹನ್ನೆರಡು ವರ್ಷ, ಜೊತೆಗೆ ಹೋಗಿದ್ದೆ. ಹಕ್ಕು ಬಿಡುಗಡೆ ಪತ್ರ. ಬರೆದವನು ಗಡಬಡಿಸಿ ಓದಿದ, ಅವ್ವನಿಗೆ ಕೇಳಿಸಿದ್ದು ತನ್ನ ಹೆಸರೊಂದೇ. ಹಿರಿಯ ಮಾವ ಮೆಲ್ಲಗೆ ಹೇಳಿದ: “ತಂಗಿ, ತವರಮನಿ ಬಾಗಲ ತೆರದಿರಬೇಕಲ್ಲವ್ವ, ಒತ್ತು.” ಅವ್ವ ಒತ್ತಿದಳು. ಮಸಿ ಹತ್ತಿದ ಹೆಬ್ಬೆಟ್ಟನ್ನು ತಲೆಗೂದಲಿಗೆ ಒರೆಸಿಕೊಂಡಳು. ಅವಳ ಉಡಿಗೆ ಒಂದು ಹಸಿರು ಸೀರೆ, ಖಣ, ಐದು ಕೊಬ್ಬರಿ ಬಟ್ಟಲು ಬಿದ್ದವು. ಮಾವಂದಿರು ಕೆಟ್ಟವರಲ್ಲ. ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡಿದ್ದರು, ಇವರೂ ಮಾಡಿದರು. ಅವ್ವ ಆ ಸೀರೆಯನ್ನು ಹರಿಯುವವರೆಗೂ ಉಟ್ಟಳು. ಪಹಣಿಯ ಕಾಲಮ್ಮಿನಲ್ಲಿ ಅವಳ ಹೆಸರು ಬರಲಿಲ್ಲ. ದೇವರಾಯನ ಮಗಳ ಹೆಸರು ಫೆರಿಶ್ತಾನ ಪುಸ್ತಕದಲ್ಲಿ ಬಾರದ ಹಾಗೆ.

ಕಾನೂನು ಬಂದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೆ ತಂದೆಯ ಪಾಲಿನಲ್ಲಷ್ಟೇ ಪಾಲಿತ್ತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂದು ನಮ್ಮ ಕರ್ನಾಟಕ ದೇಶಕ್ಕಿಂತ ಮೊದಲೇ, 1994ರ ಜುಲೈ 30ರಿಂದ ತಿದ್ದುಪಡಿ ತಂದಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನೂ ಕೆಡವಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕಾಗಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಸ್ವೀಡನ್ನಿನ ಅರಮನೆಯಲ್ಲಿ ಆದದ್ದೇ ಕಮಲಾಪುರದ ಹೊಲದಲ್ಲೂ ಕಾಗದದ ಮೇಲೆ ಆಗಿದೆ. ಹಕ್ಕು ಬಿಡುಗಡೆ ಪತ್ರಗಳು ಮಾತ್ರ ಇನ್ನೂ ನೋಂದಣಿಯಾಗುತ್ತಲೇ ಇವೆ, ಹಸಿರು ಸೀರೆಗಳು ಇನ್ನೂ ಉಡಿಗೆ ಬೀಳುತ್ತಲೇ ಇವೆ. ಕಾನೂನಿನಲ್ಲಿ ಅಕ್ಕಾದೇವಿ, ಕಚೇರಿಯಲ್ಲಿ ರೇವಕನಿಮ್ಮಡಿ.

ಈ ದತ್ತಿಯನ್ನು ಇಟ್ಟ ಅಕ್ಕತಂಗಿಯರು ಮೊನ್ನೆ ಹೇಳಿದರು: ದತ್ತಿಯ ಮೊತ್ತ ತವರಿನ ಹೊಲದಲ್ಲಿ ತಮಗೆ ಬಂದ ಪಾಲಿನಿಂದ ತೆಗೆದದ್ದಂತೆ. ಅಣ್ಣತಮ್ಮಂದಿರೇ ಮುಂದೆ ನಿಂತು ಪಾಲು ಮಾಡಿಕೊಟ್ಟರಂತೆ. ಅವರೂ ಇಲ್ಲೇ ಎದುರಿಗೆ ಕೂತಿದ್ದಾರೆ, ತವರುಮನೆಯ ಬಾಗಿಲೂ ತೆರೆದೇ ಇದೆ.

ಈ ಸಭೆಯಲ್ಲಿರುವ ತಂದೆಯರಲ್ಲಿ, ಅಣ್ಣತಮ್ಮಂದಿರಲ್ಲಿ ನನ್ನ ಕೋರಿಕೆ ಒಂದೇ. ಮಗಳನ್ನು ರಾಜಕುಮಾರಿ ಎಂದು ಕರೆಯಿರಿ, ಸಂತೋಷ. ಕರೆದ ಮೇಲೆ ಒಂದು ದಿನ ನಾಡಕಚೇರಿಗೆ ಹೋಗಿ ನಿಮ್ಮ ಹೊಲದ ಪಹಣಿ ತೆಗೆಸಿ, ಅದರಲ್ಲಿ ಅವಳ ಹೆಸರು ಇದೆಯೇ ಎಂದು ನೋಡಿರಿ.